ನರ್ಸಮ್ಮ ಇಲ್ಲದ ಆರೂವರೆ

ಎಲ್ಲಕ್ಕಿಂತ ಮೊದಲು ಮಾಡಬೇಕಾಗಿ ಬಂದ ಕೆಲಸ ಪ್ರೋಮೋ ತೆಗೆಯುವುದು. "ಸಂಜೆ ಆರೂವರೆಗೆ ಸಿಗ್ತೀನಿ, ಒಲೆ ಮೇಲೆ ಎಸರಿಟ್ಟು ಬಂದು ಕೂತ್ಕಳಿ" ಅಂತ ದಿನಾ ಸಂಜೆ ಆರೋಗ್ಯದ ಕಾರ್ಯಕ್ರಮ ನಡೆಸುತ್ತಿದ್ದ ನರ್ಸಮ್ಮನ ದನಿಯಲ್ಲಿ ಒಂದು ಚಿಕ್ಕ ತುಣುಕು ದಿನಕ್ಕೆ ಮೂರು ಸಲ ನಮ್ಮ ರೇಡಿಯೋದಲ್ಲಿ ಬರುತ್ತಿತ್ತು. ಪ್ಲೇಲಿಸ್ಟನ್ನು ಹಿಂದಿನ ರಾತ್ರಿಯೇ ಕಂಪ್ಯೂಟರಿಗೆ ಹಾಕಿಟ್ಟಿರುತ್ತೇವೆ, ಬೆಳಿಗ್ಗೆ ಅದು ತಾನೇ ಓಡುತ್ತದೆ. ಬೆಳಗಿನ ಜಾವ ನರ್ಸಮ್ಮನಿಗೆ ಎದೆನೋವು ಬಂದು, ಆಸ್ಪತ್ರೆ ಮುಟ್ಟುವ ಮೊದಲೇ ಜೀವ ಹೋಗಿತ್ತು. ಸುದ್ದಿ ನಮಗೆ ತಲುಪುವ ಹೊತ್ತಿಗೆ ಎಂಟು ಗಂಟೆಯ ಪ್ರೋಮೋ ಹೋಗಿಯೇ ಬಿಟ್ಟಿತ್ತು. ಅವರ ಮನೆ ಮುಂದೆ ಜನ ಸೇರಿದ್ದಾಗಲೇ ಪಕ್ಕದ ಮನೆಯ ರೇಡಿಯೋ ಅದನ್ನು ಹೇಳಿತಂತೆ. ನಾನು ಓಡಿಹೋಗಿ ಮಧ್ಯಾಹ್ನದ್ದು, ಸಂಜೆಯದ್ದು ಎರಡನ್ನೂ ತೆಗೆದೆ. ಆಮೇಲೆ ಸಂಜೆ ಆರೂವರೆಯ ಜಾಗ ಖಾಲಿ ಕಾಣಿಸಿತು.

ನಾನು ತುಮಕೂರು ಕಡೆಯ ಒಂದು ಸಮುದಾಯ ರೇಡಿಯೋದಲ್ಲಿ ರೆಕಾರ್ಡಿಂಗು, ಎಡಿಟಿಂಗು ನೋಡಿಕೊಳ್ಳುವವಳು. ಇಂಥ ಸ್ಟೇಷನ್ನುಗಳು ಮೊದಲು ವಿದ್ಯಾಸಂಸ್ಥೆಗಳಿಗೆ ಮಾತ್ರ ಸಿಗುತ್ತಿದ್ದವು. 2006ರಲ್ಲಿ ಕೇಂದ್ರ ಸರ್ಕಾರ ನಿಯಮ ಬದಲಿಸಿ ಸ್ವಯಂಸೇವಾ ಸಂಸ್ಥೆಗಳಿಗೂ ಅವಕಾಶ ಕೊಟ್ಟಿತು. ನಮ್ಮದೂ ಹಾಗೆ ಹುಟ್ಟಿದ್ದು. 100 ವ್ಯಾಟ್ ಶಕ್ತಿ, 30 ಮೀಟರ್ ದಾಟದ ಟವರ್. ಹತ್ತು ಹದಿನೈದು ಕಿಲೋಮೀಟರ್ ಆಚೆಗೆ ನಾವು ಯಾರೂ ಅಲ್ಲ. ನಡುವೆ ಗುಡ್ಡ ಬಂದರೆ ಅದೂ ಇಲ್ಲ. ಸುದ್ದಿ ಓದುವ ಹಾಗಿಲ್ಲ, ಬೇಕಾದರೆ ಆಕಾಶವಾಣಿಯ ವಾರ್ತೆಯನ್ನೇ ಇದ್ದದ್ದು ಇದ್ದ ಹಾಗೆ ಹಾಕಬಹುದು. ಕಾರ್ಯಕ್ರಮಗಳಲ್ಲಿ ಕನಿಷ್ಠ ಅರ್ಧದಷ್ಟು ಇಲ್ಲಿಯವೇ ಆಗಿರಬೇಕು. ಕೇಳುವವರು ಹೆಚ್ಚಾಗಿ ಹೆಂಗಸರು. ಕೀಪ್ಯಾಡ್ ಮೊಬೈಲಿಗೆ ಇಯರ್‌ಫೋನ್ ಚುಚ್ಚಿ, ಅದರ ವೈರನ್ನೇ ಆಂಟೆನಾ ಮಾಡಿಕೊಂಡು, ಸ್ಪೀಕರ್ ಹಾಕಿ ಅಡುಗೆಮನೆ ಗೂಡಿನಲ್ಲಿ ಇಟ್ಟುಕೊಳ್ಳುತ್ತಾರೆ.

ನರ್ಸಮ್ಮ ಸರ್ಕಾರಿ ಆರೋಗ್ಯ ಉಪಕೇಂದ್ರದಲ್ಲಿ ಎಎನ್‌ಎಂ, ಅಂದರೆ ಹಳ್ಳಿಯ ನರ್ಸ್ ಆಗಿ ದುಡಿದು ನಿವೃತ್ತರಾದವರು. ಸುತ್ತಿನ ಹಳ್ಳಿಗಳಲ್ಲಿ ಅರ್ಧ ಮಕ್ಕಳ ಹೆರಿಗೆ ಮಾಡಿಸಿದವರು ಅವರೇ. ಸ್ಟೇಷನ್ ಶುರುವಾದಾಗ ಒಂದೇ ಒಂದು ಸಲ ಮಾತಾಡಿ ಹೋಗಲು ಬಂದವರು ಅಲ್ಲೇ ಉಳಿದರು. ಸಂಬಳ ಇಲ್ಲ, ಬಸ್ ಚಾರ್ಜು, ಕಾಫಿ. ಅಷ್ಟೇ. ದನಿ ಅಂಥಾ ಚೆನ್ನಾಗಿಯೂ ಇರಲಿಲ್ಲ. ಮೈಕಿಗೆ ತೀರಾ ಹತ್ತಿರ ಬಂದು ಉಸಿರು ಬಿಡುತ್ತಿದ್ದರು, ಅದನ್ನೆಲ್ಲ ಕತ್ತರಿಸುವುದು ನನ್ನ ಪಾಡು.

ಯಾರು ಫೋನ್ ಮಾಡಿದರೂ ಅವರ ಮೊದಲ ಪ್ರಶ್ನೆ ಒಂದೇ. "ಏನ್ ಸಾರವ್ವ ಇವತ್ತು?"

ಹೊರಗಿನವರಿಗೆ ಅದು ಸುಮ್ನೆ ಉಪಚಾರದ ಮಾತು ಅನ್ನಿಸುತ್ತಿತ್ತು. ಒಮ್ಮೆ ಒಬ್ಬ ಹೆಂಗಸು ತಲೆಸುತ್ತು ಅಂತ ಫೋನ್ ಮಾಡಿದ್ದರು. ಏನು ಸಾರು ಅಂದರೆ "ಉಪ್ಸಾರು" ಅಂದರು. "ಸೊಪ್ಪಿನ ಪಲ್ಯ ಯಾರು ತಿಂದ್ರು?" "ಮನೆಯೋರಿಗೆ ಬಡಿಸಿದ್ನಲ್ಲ, ಉಳೀಲಿಲ್ಲ. ಬಸಿದ ನೀರಿತ್ತು, ಮುದ್ದೆ ಉಣ್ಣಕ್ಕೆ ಸಾಕಾಯ್ತು." "ಹಂಗಾರೆ ತಲೆಸುತ್ತು ಎಲ್ಲಿಂದ ಬತ್ತು ಹೇಳು ಮತ್ತೆ." ಅಲ್ಲಿಂದ ರಕ್ತ ಪರೀಕ್ಷೆ, ಕಬ್ಬಿಣದ ಮಾತ್ರೆ, ಮಾತ್ರೆ ನುಂಗಿದರೆ ಮಲ ಕಪ್ಪಗಾಗುತ್ತದೆ ಹೆದರಬೇಡ ಅನ್ನುವವರೆಗೆ ಮಾತು ಹೋಗುತ್ತಿತ್ತು. ಆ ಮನೆಯಲ್ಲಿ ಕೊನೆಗೆ ಉಣ್ಣುವವರು ಯಾರು, ತರಕಾರಿಗೆ ದುಡ್ಡಿದೆಯೋ ಇಲ್ಲವೋ, ಅತ್ತೆ ಪಕ್ಕದಲ್ಲೇ ಕೂತಿದ್ದಾರೋ, ಎಲ್ಲ ಅವರಿಗೆ ಆ ಸಾರಿನಲ್ಲೇ ಗೊತ್ತಾಗುತ್ತಿತ್ತು. ಇದು ನನಗೆ ಹೊಳೆದದ್ದು ಅವರು ಹೋದ ಮೇಲೆ, ಅವರ ಹಳೆಯ ಕಂತುಗಳನ್ನು ಸಾಲಾಗಿ ಕೇಳುತ್ತಾ ಕೂತಾಗ.

ಆವತ್ತು ಸಂಜೆಯ ಕಂತು ರೆಕಾರ್ಡ್ ಆಗಿ ತಯಾರಿತ್ತು. ಸೊಳ್ಳೆ, ನಿಂತ ನೀರು, ಡೆಂಗಿ ಜ್ವರದ ಬಗ್ಗೆ. "ಅವರೇ ಮಾಡಿಟ್ಟು ಹೋಗಿದ್ದಾರೆ, ಹಾಕೋಣ" ಅಂತ ನಮ್ಮಲ್ಲಿ ಕೆಲವರು ಅಂದರು. ಮಣ್ಣು ಮಾಡುವ ಹೊತ್ತಿಗೆ ಸರಿಯಾಗಿ ಅವರ ನಗು ರೇಡಿಯೋದಲ್ಲಿ ಬರುವುದು ಬೇಡ ಅಂತ ಮ್ಯಾನೇಜರ್ ಸರ್ ತಡೆದರು. ನಮ್ಮ ಹುಡುಗಿಯೊಬ್ಬಳು ಎರಡು ಸಾಲು ಓದಿದಳು. ಆಮೇಲೆ ಪಕ್ಕದೂರಿನ ಭಜನೆ ಮಂಡಳಿಯವರ ತತ್ವಪದಗಳನ್ನು ಅರ್ಧ ಗಂಟೆ ಹಾಕಿದೆವು. ಸಿನಿಮಾ ಹಾಡು ನಾವು ಹಾಕುವುದಿಲ್ಲ, ಹಕ್ಕಿನ ದುಡ್ಡು ಕಟ್ಟುವ ಶಕ್ತಿ ನಮಗಿಲ್ಲ. ಹಾಗಾಗಿ ಸಾವಿಗೂ ಮದುವೆಗೂ ನಮ್ಮ ಹತ್ತಿರ ಇರುವುದು ಊರಿನವರು ಹಾಡಿದ್ದೇ.

ಫೋನು ನಿಲ್ಲಲೇ ಇಲ್ಲ. ಕೆಲವರು ಅತ್ತರು. ಕೆಲವರು ಇದು ಸುಳ್ಳು ಸುದ್ದಿ ಅಲ್ವಾ ಅಂತ ಜಗಳವಾಡಿದರು. ಒಬ್ಬರು ನೇರವಾಗಿ ಕೇಳಿದರು: "ಸರಿ, ನಾಳೆಯಿಂದ ಯಾರು ಬತ್ತಾರೆ?" ನನಗೆ ಮೈ ಉರಿಯಿತು. ಆದರೆ ಆಕೆ ಏಳು ತಿಂಗಳ ಬಸುರಿಯ ತಾಯಿ. ಅವರಿಗೆ ನಾಳೆ ಯಾರನ್ನಾದರೂ ಕೇಳಲೇಬೇಕಿತ್ತು.

ಹನ್ನೊಂದನೇ ದಿನದ ತಿಥಿ ಮುಗಿಯುವವರೆಗೆ ಅಮ್ಮನ ದನಿ ಬೇಡ ಅಂತ ಮಗ ಹೇಳಿದ್ದರು. ಒಪ್ಪಿಕೊಂಡೆವು. ನರ್ಸಮ್ಮನ ಯಜಮಾನರಿಗೆ ಮಾತ್ರ ಕೇಳಬೇಕು ಅನ್ನಿಸುತ್ತಿತ್ತು. ಮಗನಿಗೆ ತಿಳಿಯದ ಹಾಗೆ ನಮ್ಮ ಹುಡುಗನ ಕೈಯಲ್ಲಿ ಒಂದು ಕಂತನ್ನು ಮೊಬೈಲಿಗೆ ಹಾಕಿಸಿಕೊಂಡು ಹೋದರು. ತಿಥಿಯ ಊಟ ಆದ ಮೇಲೆ ಜಗಲಿ ಮೇಲೆ ಕೂತು ಮಾತಾಡಿದೆವು. ನಮ್ಮ ಹತ್ತಿರ ಅವರ ಸಹಿ ಇರುವ ಒಂದು ಕಾಗದವೂ ಇರಲಿಲ್ಲ. ಹಳ್ಳಿ ರೇಡಿಯೋದಲ್ಲಿ ಯಾರು ಕರಾರುಪತ್ರ ಮಾಡಿಕೊಳ್ಳುತ್ತಾರೆ? ಮಗ ಬೆಂಗಳೂರಿನಲ್ಲಿ ಕೆಲಸದಲ್ಲಿರುವವರು, ಲೆಕ್ಕಾಚಾರದ ಮನುಷ್ಯ. ಹಾಕಿಕೊಳ್ಳಿ, ಆದರೆ ಜಾಹೀರಾತಿಗೆ ಅಮ್ಮನ ದನಿ ಬೇಡ ಅಂದರು. ಅದು ಗಾಳಿಯಲ್ಲಿ ಗುಂಡು ಹೊಡೆದ ಮಾತಲ್ಲ. ಅಷ್ಟರಲ್ಲೇ ಒಬ್ಬ ಅಂಗಡಿಯವರು "ನರ್ಸಮ್ಮನ ನೆನಪು" ಅಂತ ಒಂದು ತಿಂಗಳು ಹಳೆಯ ಕಂತು ಹಾಕಿ, ಹಿಂದೆ ಮುಂದೆ ನಮ್ಮ ಅಂಗಡಿ ಹೆಸರು ಹೇಳಿ ಅಂತ ಕೇಳಿಯಾಗಿತ್ತು.

ಅದನ್ನು ಬೇಡ ಅನ್ನುವುದು ಸುಲಭ ಇರಲಿಲ್ಲ. 2024ರ ಹೊಸ ನಿಯಮದಲ್ಲಿ ಗಂಟೆಗೆ 12 ನಿಮಿಷ ಜಾಹೀರಾತು ಹಾಕಬಹುದು. ಸರ್ಕಾರಿ ಜಾಹೀರಾತಿಗೆ 10 ಸೆಕೆಂಡಿಗೆ 74 ರೂಪಾಯಿ ದರ. ಕೇಳಲು ಚೆನ್ನಾಗಿದೆ. ಆದರೆ ನಮ್ಮಂಥ ಮೂಲೆಯ ಸ್ಟೇಷನ್ನಿಗೆ ಆ 12 ನಿಮಿಷ ತುಂಬುವಷ್ಟು ಜಾಹೀರಾತು ಯಾರು ಕೊಡುತ್ತಾರೆ? ಕರೆಂಟ್ ಬಿಲ್ಲಿಗೆ ಆಗುವಷ್ಟು ಕೊಡುತ್ತೇನೆ ಅಂದವರನ್ನು ನಾವು ವಾಪಸ್ ಕಳಿಸಿದೆವು. ಇವತ್ತಿಗೂ ಅದರ ಬಗ್ಗೆ ಸ್ಟೇಷನ್ನಿನಲ್ಲಿ ಎರಡು ಮಾತಿದೆ. ನಾನು ಮಗನ ಕಡೆ.

ಹಳೆಯ ಕಂತು ಅನ್ನುವುದಕ್ಕೂ ಎಷ್ಟಿತ್ತು? ಪ್ರಸಾರವಾದದ್ದನ್ನು ಮೂರು ತಿಂಗಳು ಕಾಪಾಡಿ ಇಡಬೇಕು ಅನ್ನುವುದು ನಿಯಮ. ಸಣ್ಣ ಸ್ಟೇಷನ್ನುಗಳಲ್ಲಿ ಅಷ್ಟೇ ಇರುತ್ತದೆ, ಹಾರ್ಡ್ ಡಿಸ್ಕ್ ತುಂಬಿದಂತೆ ಹಿಂದಿನದು ಹೋಗುತ್ತದೆ. ಇಷ್ಟು ವರ್ಷ ದಿನಾ ಮಾತಾಡಿದ ಹೆಂಗಸಿನದು ನಮ್ಮ ಕೈಯಲ್ಲಿ ಒಂದು ಮಳೆಗಾಲದಷ್ಟು ಮಾತ್ರ ಉಳಿದಿತ್ತು. ಉಳಿದದ್ದನ್ನು ಹುಡುಕಿದೆವು. ವಿಶೇಷ ದಿನಗಳದ್ದು ಒಂದಷ್ಟು ಸಿಡಿ, ತರಬೇತಿಗೆ ಅಂತ ಯಾರೋ ಪೆನ್‌ಡ್ರೈವಿನಲ್ಲಿ ಒಯ್ದಿದ್ದು. ರೇಡಿಯೋದಲ್ಲೇ "ನಿಮ್ಮ ಹತ್ತಿರ ಇದ್ದರೆ ಕೊಡಿ" ಅಂತ ಕೇಳಿದೆವು. ಮೊಬೈಲಿನಲ್ಲಿ ಹಿಡಿದಿಟ್ಟ ತುಂಡುಗಳು ಬಂದವು. ಒಂದರಲ್ಲಿ ಕುಕ್ಕರ್ ಕೂಗುತ್ತದೆ, ಇನ್ನೊಂದರಲ್ಲಿ ಮಗು ಅಳುತ್ತದೆ, ನಡುನಡುವೆ ನರ್ಸಮ್ಮ. ಪ್ರಸಾರಕ್ಕೆ ಬರುವ ಗುಣಮಟ್ಟ ಅಲ್ಲ, ಆದರೂ ಎಲ್ಲವನ್ನೂ ಹೆಸರು ಬರೆದು ಇಟ್ಟಿದ್ದೇನೆ.

ಇದ್ದದ್ದನ್ನೇ ಮತ್ತೆ ಹಾಕಲು ಶುರು ಮಾಡಿದೆವು. ಕೇಳುಗರಿಗೆ ಬೇಕಾಗಿದ್ದೂ ಅದೇ. ಮೊದಲ ವಾರ ಎಲ್ಲರಿಗೂ ಸಮಾಧಾನ. ಆಮೇಲೆ ಒಂದೊಂದೇ ತೊಂದರೆ ಎದ್ದಿತು.

ಗುರುವಾರದ ಕಾರ್ಯಕ್ರಮ ನೇರ ಫೋನ್-ಇನ್. ಅದನ್ನೇ ಮತ್ತೆ ಹಾಕಿದಾಗ "ಈಗ್ಲೇ ಫೋನ್ ಮಾಡವ್ವ, ಕಾಯ್ತಿದೀನಿ" ಅನ್ನುತ್ತಾರೆ ನರ್ಸಮ್ಮ. ಜನ ಮಾಡಿಯೇ ಬಿಡುತ್ತಿದ್ದರು. ಹೋದದ್ದು ಗೊತ್ತಿಲ್ಲದವರಷ್ಟೇ ಅಲ್ಲ, ಗೊತ್ತಿದ್ದವರೂ. ಫೋನ್ ಎತ್ತಿದವರು ಏನು ಹೇಳಬೇಕು? ಆ ಮಾತುಗಳನ್ನು ಕತ್ತರಿಸಿದೆ. ಕತ್ತರಿಸಿದರೆ ಅರ್ಧ ಕಾರ್ಯಕ್ರಮವೇ ಹೋಗುತ್ತದೆ, ಯಾಕೆಂದರೆ ಅವರು ಕರೆಯುತ್ತಲೇ ಮಾತಾಡುವವರು.

ಇನ್ನೊಂದು, ಔಷಧಿಯ ಮಾತು ಹಳಸುತ್ತದೆ. ಸಿಡಿಯಲ್ಲಿದ್ದ ಒಂದು ಹಳೆಯ ಕಂತಿನಲ್ಲಿ ಒಂಬತ್ತು ತಿಂಗಳಿಗೆ ದಡಾರದ ಚುಚ್ಚುಮದ್ದು ಅಂತ ಹೇಳುತ್ತಾರೆ. 2017ರಿಂದ ನಮ್ಮ ರಾಜ್ಯದಲ್ಲಿ ಕೊಡುತ್ತಿರುವುದು ದಡಾರ, ರುಬೆಲ್ಲಾ ಎರಡಕ್ಕೂ ಸೇರಿದ ಲಸಿಕೆ. ಕೇಳಿದವರು ಆಸ್ಪತ್ರೆಗೆ ಹೋಗಿ "ನರ್ಸಮ್ಮ ಬೇರೆ ಹೇಳಿದ್ರಲ್ಲ" ಅಂದರೆ? ನರ್ಸಮ್ಮ ಇದ್ದಿದ್ದರೆ ಮರುದಿನವೇ ತಿದ್ದುತ್ತಿದ್ದರು. ಟೇಪು ತಿದ್ದುವುದಿಲ್ಲ.

ಮೂರನೆಯದು ನನ್ನನ್ನು ಜಾಸ್ತಿ ಕಾಡಿದ್ದು. ಬಿಳಿ ಹೋಗುವ ತೊಂದರೆ ಬಗ್ಗೆ ಒಬ್ಬ ಹುಡುಗಿ ಹೆಸರು ಹೇಳದೆ ಮಾತಾಡಿದ್ದಳು. ನೇರ ಪ್ರಸಾರದಲ್ಲಿ ಬಂದು ಹೋದ ಮಾತು ಅದು. ಮತ್ತೆ ಹಾಕಿದಾಗ ಅವಳಿಗೆ ಮದುವೆ ನಿಶ್ಚಯವಾಗಿತ್ತು. ದನಿ ಗುರುತು ಹಿಡಿಯಲು ಹಳ್ಳಿಯಲ್ಲಿ ಹೆಸರು ಬೇಕಾ? ಅವಳ ಅಕ್ಕ ಸ್ಟೇಷನ್ನಿಗೆ ಬಂದು, ಸಿಟ್ಟು ಮಾಡದೆ, "ಇನ್ನೊಂದು ಸಲ ಬೇಡ" ಅಂದು ಹೋದರು. ನರ್ಸಮ್ಮನ ಮನೆಯವರ ಒಪ್ಪಿಗೆ ಕೇಳಿದ್ದೆವು. ಆ ಕಡೆಯಿಂದ ಮಾತಾಡಿದವರ ಒಪ್ಪಿಗೆ ಕೇಳುವ ಯೋಚನೆ ನಮ್ಮಲ್ಲಿ ಯಾರಿಗೂ ಬಂದಿರಲಿಲ್ಲ, ದೊಡ್ಡ ಸ್ಟೇಷನ್ನುಗಳಲ್ಲೂ ಬರುತ್ತದೆಯೋ ಇಲ್ಲವೋ.

ಬೇರೆಯವರು ಏನು ಮಾಡಿದ್ದಾರೆ ಅಂತ ನೋಡಿದೆವು. ರೇಡಿಯೋದಲ್ಲಿ ಹಿಂದಿ ಸಿನಿಮಾ ಹಾಡಿನ ಕಾರ್ಯಕ್ರಮ ನಡೆಸುತ್ತಿದ್ದ ಅಮೀನ್ ಸಯಾನಿ 2024ರ ಫೆಬ್ರುವರಿಯಲ್ಲಿ ತೀರಿಕೊಂಡಾಗ ದೇಶವೆಲ್ಲ ನೆನೆಯಿತು. ಆದರೆ ರೇಡಿಯೋ ಸಿಲೋನಿನಲ್ಲಿ 1952ರಲ್ಲಿ ಶುರುವಾದ ಅವರ ಗೀತ್‌ಮಾಲಾ ಎಷ್ಟೋ ವರ್ಷದ ಹಿಂದೆಯೇ ನಿಂತಿತ್ತು, ಮುಂದೇನು ಅನ್ನುವ ಪ್ರಶ್ನೆ ಇರಲಿಲ್ಲ. ಬಿಬಿಸಿಯಲ್ಲಿ ಅಲಿಸ್ಟೇರ್ ಕುಕ್ 1946ರಿಂದ 2004ರವರೆಗೆ ಅಮೆರಿಕದ ಬಗ್ಗೆ ವಾರದ ಮಾತು ಬರೆದು ಓದಿದರು. ನಿವೃತ್ತಿ ಹೇಳಿದರು, ಅದೇ ತಿಂಗಳು ತೀರಿಕೊಂಡರು, ಕಾರ್ಯಕ್ರಮವೂ ಅವರ ಜೊತೆಗೇ ಮುಗಿಯಿತು. ಅಮೆರಿಕದಲ್ಲಿ ಟಾಮ್ ಮತ್ತು ರೇ ಅನ್ನುವ ಅಣ್ಣತಮ್ಮಂದಿರು ಕಾರು ರಿಪೇರಿ ಬಗ್ಗೆ ಫೋನಿನಲ್ಲಿ ಸಲಹೆ ಕೊಡುತ್ತಿದ್ದರು, ನಗಿಸುತ್ತಿದ್ದರು. 2012ರಲ್ಲಿ ಹೊಸ ಕಂತು ನಿಲ್ಲಿಸಿದರು, 2014ರಲ್ಲಿ ಟಾಮ್ ಹೋದರು. ಆಮೇಲೂ ವರ್ಷಗಟ್ಟಲೆ ಹಳೆಯದನ್ನೇ ಜೋಡಿಸಿ ಹಾಕಿದರು, ಜನ ಕೇಳಿದರು. ಅಲ್ಲಿಯವರು ಕೇಳುತ್ತಿದ್ದದ್ದು ನಗುವಿಗೆ. ಹಳೆಯ ಕಾರಿಗೆ ಹಳೆಯ ಸಲಹೆ ಕೊಟ್ಟರೆ ಯಾರಿಗೂ ಜ್ವರ ಬರುವುದಿಲ್ಲ.

ನನಗೆ ಹಿಡಿಸಿದ್ದು ಬಿಬಿಸಿಯದೇ ಇನ್ನೊಂದು. ಹಂಫ್ರಿ ಲಿಟಲ್ಟನ್ ಅನ್ನುವವರು ಒಂದು ತಮಾಷೆಯ ಕಾರ್ಯಕ್ರಮವನ್ನು ದಶಕಗಟ್ಟಲೆ ನಡೆಸಿ 2008ರ ಏಪ್ರಿಲ್‌ನಲ್ಲಿ ತೀರಿಕೊಂಡರು. ಆಗ ಬರಬೇಕಿದ್ದ ಸರಣಿಯನ್ನೇ ಬಿಬಿಸಿಯವರು ಕೈಬಿಟ್ಟರು. 2009ರಲ್ಲಿ ವಾಪಸ್ ಬಂದಾಗ ಒಬ್ಬರನ್ನೇ ಆ ಕುರ್ಚಿಯಲ್ಲಿ ಕೂರಿಸಲಿಲ್ಲ. ಮೂರು ಜನರನ್ನು ಸರದಿಯ ಮೇಲೆ ಕರೆದರು. ಕೊನೆಗೆ ಅವರಲ್ಲೊಬ್ಬರಾದ ಜ್ಯಾಕ್ ಡೀ ಉಳಿದುಕೊಂಡರು. ಸ್ವಲ್ಪ ಹೊತ್ತು ಸುಮ್ಮನಿರುವುದು, ಆಮೇಲೆ ಯಾರನ್ನೂ "ಇವರೇ" ಅಂತ ಘೋಷಿಸದೆ ನೋಡುವುದು. ಸಭೆಯಲ್ಲಿ ಇದನ್ನು ಹೇಳಿದೆ. "ಇಂಗ್ಲೆಂಡು ಬಿಡವ್ವ, ಮಂಗಳವಾರಕ್ಕೆ ಯಾರು ಹೇಳು" ಅಂದರು ಒಬ್ಬ ಹಿರಿಯರು.

ಸಭೆ ಅಂದರೆ ನಮ್ಮ ಕಾರ್ಯಕ್ರಮ ಸಮಿತಿ. ಸ್ತ್ರೀಶಕ್ತಿ ಸಂಘದವರು, ಇಬ್ಬರು ಮೇಷ್ಟ್ರು, ರೈತರು. ನಿಲ್ಲಿಸಿಬಿಡೋಣ, ಇನ್ನೊಬ್ಬರನ್ನು ಆ ಹೆಸರಿನಲ್ಲಿ ಕೂರಿಸುವುದು ಅವರಿಗೆ ಮಾಡುವ ಅವಮಾನ ಅಂತ ಕೆಲವರು. ಅದೇ ಹೊತ್ತು, ಅದೇ ರಾಗ, ಹೊಸ ದನಿ ಸಾಕು ಅಂತ ಕೆಲವರು. ಎಲ್ಲರೂ ದನಿಯ ಬಗ್ಗೆಯೇ ಮಾತಾಡುತ್ತಿದ್ದರು. ಆಗ ಸಂಘದ ಒಬ್ಬ ಅಕ್ಕ ಕೇಳಿದರು: "ದನಿ ಹಂಗಿರ್ಲಿ. ಆಯಮ್ಮ ಅರ್ಧ ಗಂಟೆಲಿ ಏನೇನ್ ಮಾಡ್ತಿದ್ರು? ಮೊದ್ಲು ಅದ್ನ ಬರೀರಿ." ನಾನು ರೆಕಾರ್ಡಿಂಗ್ ಕೇಳುತ್ತಾ ಬರೆದೆ. ಬರೆದು ನೋಡಿದರೆ ಹಾಡು, ಹರಟೆ, ಗಾದೆ ಎಲ್ಲ ಸೇರಿ ಸ್ವಲ್ಪವೇ. ಹೆಚ್ಚಿನ ಹೊತ್ತು ಅವರು ಪ್ರಶ್ನೆ ಕೇಳುತ್ತಿದ್ದರು. ಆಮೇಲೆ ಯಾರನ್ನು ಎಲ್ಲಿಗೆ ಕಳಿಸಬೇಕೋ ಅಲ್ಲಿಗೆ ಕಳಿಸುತ್ತಿದ್ದರು. ತಾಯಿ ಕಾರ್ಡ್ ಮಾಡಿಸಿಲ್ಲ ಅಂದವರಿಗೆ ಇಂಥ ಆಶಾ ಕಾರ್ಯಕರ್ತೆ ಹತ್ತಿರ ಹೋಗು ಅಂತ. ಕಾರ್ಯಕ್ರಮ ಮುಗಿದ ಮೇಲೆ ಆ ಆಶಾಗೆ ತಾವೇ ಫೋನ್ ಮಾಡಿ "ಹುಡುಗಿ ಬಂದಿದ್ಲಾ?" ಅಂತ ವಿಚಾರಿಸುತ್ತಿದ್ದರು. ಪ್ರಸಾರದಲ್ಲಿ ಬಾರದ ಆ ಫೋನು ನಮ್ಮ ಲೆಕ್ಕದಲ್ಲೇ ಇರಲಿಲ್ಲ.

ಪ್ರಯೋಗಕ್ಕೆ ಮೊದಲು ಬಂದವರು ಒಬ್ಬ ಮೇಷ್ಟ್ರು. ದನಿ ಅಂದರೆ ದನಿ, ಆಕಾಶವಾಣಿಯವರೂ ಅಸೂಯೆ ಪಡಬೇಕು. ನರ್ಸಮ್ಮನ ಹಾಗೆಯೇ "ಏನು ಸಾರು?" ಅಂತ ಕೇಳಿದರು. "ಬೇಳೆ ಸಾರು" ಅಂದರು ಆ ಕಡೆಯವರು. "ಓಹೋ, ಬಹಳ ಸಂತೋಷ" ಅಂದು ಮೇಷ್ಟ್ರು ಮುಂದಿನ ಪ್ರಶ್ನೆಗೆ ಹೋದರು. ಕಂಟ್ರೋಲ್ ರೂಮಿನಲ್ಲಿ ನಾವೆಲ್ಲ ಮುಖ ಮುಖ ನೋಡಿಕೊಂಡೆವು. ಒಬ್ಬ ಯುವ ಡಾಕ್ಟರ್ ಬಂದರು, ತಿಳಿವಳಿಕೆ ಅಪಾರ, ಆದರೆ ಹೇಳುವುದನ್ನೆಲ್ಲ ಒಂದೇ ಉಸಿರಿಗೆ ಹೇಳಿ ಮುಗಿಸಿ ಗಡಿಯಾರ ನೋಡುವವರು. ಒಬ್ಬ ಹುಡುಗಿ ನರ್ಸಮ್ಮನ ದನಿಯನ್ನೇ ಅನುಕರಿಸಿದಳು. ಚೆನ್ನಾಗಿಯೇ ಮಾಡಿದಳು, ಅದಕ್ಕೇ ಕೇಳಲಾಗಲಿಲ್ಲ.

ಕೊನೆಗೆ ಬಂದದ್ದು ನರ್ಸಮ್ಮ ಫೋನ್ ಮಾಡುತ್ತಿದ್ದ ಆಶಾ ಕಾರ್ಯಕರ್ತೆಯರಲ್ಲಿ ಒಬ್ಬರು. ಅವರನ್ನು ಕರೆಯಲು ತಾಲ್ಲೂಕು ಆರೋಗ್ಯಾಧಿಕಾರಿ ಕಚೇರಿಗೆ ಪತ್ರ ಬರೆದು ಒಪ್ಪಿಗೆ ತಂದೆವು. ಮೈಕಿನ ಮುಂದೆ ಮೊದಲು ಗಂಟಲು ಕಟ್ಟಿತು. ಸಾರಿನ ಪ್ರಶ್ನೆ ಕೇಳಲೇ ಇಲ್ಲ. ಒಬ್ಬ ಬಾಣಂತಿಯ ಅತ್ತೆ ಫೋನ್ ಮಾಡಿ ಸೊಸೆಗೆ ಹಾಲು ಸಾಲುತ್ತಿಲ್ಲ ಅಂದರು. ಇವರು ಕೇಳಿದರು: "ರಾತ್ರಿ ಮಗೂನ ಯಾರ ಪಕ್ಕ ಮಲಗಿಸ್ತೀರಮ್ಮ?" ಅತ್ತೆ ಒಂದು ಗಳಿಗೆ ಸುಮ್ಮನಾದರು. "ನನ್ನ ಪಕ್ಕ" ಅಂದರು. ಅಲ್ಲಿಂದ ಮಾತು ತೆರೆದುಕೊಂಡಿತು. ರಾತ್ರಿ ಹಾಲೂಡಿಸದಿದ್ದರೆ ಹಾಲು ಇಳಿಯುವುದು ಕಡಿಮೆಯಾಗುತ್ತದೆ ಅನ್ನುವುದನ್ನು ಅತ್ತೆಗೆ ಬೇಜಾರಾಗದ ಹಾಗೆ ಹೇಳಿದರು. ನಾನು ದನಿ ಏರಿಸಿ ಇಳಿಸುವ ಫೇಡರ್ ಮೇಲೆ ಕೈಯಿಟ್ಟುಕೊಂಡು ಮ್ಯಾನೇಜರ್ ಸರ್ ಕಡೆ ನೋಡಿದೆ. ಅವರು ಆಗಲೇ ಸಂಘದ ಅಕ್ಕನಿಗೆ ಫೋನ್ ಹಚ್ಚುತ್ತಿದ್ದರು.

ಈಗ ವಾರದ ಎಲ್ಲ ದಿನ ಆ ಹೊತ್ತಿಗೆ ಆರೋಗ್ಯ ಇಲ್ಲ. ಮಂಗಳವಾರ, ಗುರುವಾರ ಆಶಾ. ಡಾಕ್ಟರ್ ತಿಂಗಳಿಗೊಮ್ಮೆ, ಆಶಾ ಕೇಳಿದ ಪ್ರಶ್ನೆಗೆ ಮಾತ್ರ ಉತ್ತರ, ಅದು ಅವರಿಗೂ ಹಿಡಿಸಿದೆ. ಮೇಷ್ಟ್ರು ಶನಿವಾರ ಮಕ್ಕಳಿಗೆ ಕಥೆ ಹೇಳುತ್ತಾರೆ, ಅಲ್ಲಿ ಆ ದನಿಗೆ ತಕ್ಕ ಕೆಲಸ ಇದೆ. ಉಳಿದ ದಿನ ಸೋಬಾನೆ, ತತ್ವಪದ, ಕೃಷಿ. ಕೇಳುಗರು ಕಡಿಮೆಯಾಗಿದ್ದಾರೆ, ಅದು ಸುಳ್ಳಲ್ಲ. ಫೋನ್ ರಿಜಿಸ್ಟರಿನ ಪುಟ ಮೊದಲಿನಷ್ಟು ಬೇಗ ತುಂಬುವುದಿಲ್ಲ.

ನರ್ಸಮ್ಮನ ದನಿಯಲ್ಲಿ ಈಗ ಹಾಕುವುದು ಆಯ್ದ ಕೆಲವನ್ನು. ಡಾಕ್ಟರ್ ಕೇಳಿ ಒಪ್ಪಿರಬೇಕು, ಫೋನ್ ಮಾಡಿದವರ ಮಾತು ಇರಬಾರದು, ಮುಂದೆ "ಇದು ಹಿಂದೆ ರೆಕಾರ್ಡ್ ಮಾಡಿದ್ದು" ಅಂತ ನಾವು ಹೇಳಬೇಕು. ಹಾಗೆ ಉಳಿದದ್ದರಲ್ಲಿ ಹಾವು ಕಚ್ಚಿದರೆ ಏನು ಮಾಡಬೇಕು ಅನ್ನುವುದು ಮಳೆಗಾಲದಲ್ಲಿ ಓಡುತ್ತದೆ. "ಹಗ್ಗ ಬಿಗೀಬೇಡಿ, ಬ್ಲೇಡಲ್ಲಿ ಕುಯ್ಯಬೇಡಿ, ಬಾಯಿ ಹಾಕಿ ಹೀರಬೇಡಿ. ಕಾಲು ಅಲ್ಲಾಡಿಸದಂಗೆ ಇಟ್ಕಂಡು 108ಕ್ಕೆ ಫೋನ್ ಮಾಡಿ. ಮಂತ್ರ ಹಾಕ್ಸೋರು ಆಸ್ಪತ್ರೆಯಿಂದ ವಾಪಸ್ ಬಂದ್ಮೇಲೆ ಹಾಕ್ಸಿ." ಇದನ್ನು ಅವರಿಗಿಂತ ಚೆನ್ನಾಗಿ ಹೇಳುವವರು ನನಗಂತೂ ಸಿಕ್ಕಿಲ್ಲ.

ಬಾಕಿ ಇರುವ ಜಗಳ ಹೆಸರಿನದು. "ನರ್ಸಮ್ಮನ ಆರೂವರೆ" ಅಂತಲೇ ಇರಲಿ ಅಂತ ಸಮಿತಿ. ಬೇಡ ಅಂದವರು ಆಶಾನೇ. "ಅಕ್ಕ, ಫೋನ್ ಮಾಡೋರು ನನ್ನೂ ನರ್ಸಮ್ಮ ಅಂತಾರೆ. ನಾನು ನರ್ಸ್ ಅಲ್ಲ. ನಾನು ಹೇಳಿದ್ದನ್ನ ನರ್ಸ್ ಹೇಳಿದ್ದು ಅಂತ ತಿಳ್ಕೊಂಡು ಆಸ್ಪತ್ರೆಗೆ ಹೋಗದೆ ಕೂತ್ರೆ ಏನ್ ಗತಿ?" ಅಂದರು. ಯಜಮಾನರನ್ನು ಕೇಳಿದೆವು. "ಆ ಹುಡುಗಿ ಹೇಳೋದೇ ಸರಿ, ಇವಳಿದ್ದಿದ್ರೂ ಅದೇ ಹೇಳೋಳು" ಅಂದರು. ಹೊಸ ಹೆಸರು ಸೂಚಿಸಿ ಅಂತ ಕೇಳುಗರನ್ನೇ ಕೇಳಿದ್ದೇವೆ. ಬಂದಿರುವ ಹೆಸರುಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಸಾರಿನವೇ.